ಬಾಯಿ ಕಡೆ ನೋಡು ಎನ್ನುತ್ತಿದ್ದ ಮಾವ

ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನಮ್ಮ ವಾಯನಶಾಲೆಯ ಅಧ್ಯಕ್ಷರಾದ ವಿಜಯನ್ ಮಾಶ್ ನನಗೆ ಇದನ್ನು ಹೇಳಿ ಹೇಳಿ ಸಾಕುಮಾಡಿದ್ದಾರೆ. ಮೇಷ್ಟ್ರಿಗೆ ಇಲ್ಲಿ, ಗಡಿಯ ಈಚೆಯ ಮಲಯಾಳದಲ್ಲಿ, ಮಾಶ್ ಎನ್ನುತ್ತಾರೆ, ಊರಿನ ಗ್ರಂಥಾಲಯಕ್ಕೆ ವಾಯನಶಾಲೆ ಎನ್ನುತ್ತಾರೆ. ತೋಲ್ಪೆಟ್ಟಿಯ ಆ ವಾಯನಶಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವವಳು ನಾನು. ಒಳ್ಳೆಯದನ್ನೇ ಬರೆಯೋಣ ಎಂದು ಕೂತರೆ ಮೊದಲು ನೆನಪಿಗೆ ಬರುವುದು ಆ ಮನುಷ್ಯ ನನ್ನ ಮೇಜಿನ ಮುಂದೆ ನಿಂತು ಬೆರಳಿನಿಂದ ಟಕ್ ಟಕ್ ಎಂದು ಕುಟ್ಟುತ್ತಿದ್ದದ್ದು. ನಾನು ಪುಸ್ತಕಕ್ಕೆ ನಂಬರು ಹಾಕುತ್ತಿರಲಿ, ಫೋನಿನಲ್ಲಿರಲಿ, ಬುತ್ತಿ ಬಿಚ್ಚಿರಲಿ, ಕುಟ್ಟುವುದು ನಿಲ್ಲುತ್ತಿರಲಿಲ್ಲ. ತಲೆ ಎತ್ತಿದರೆ "ತೋಂಡಾಕಡೇ ಬಘ್" ಎನ್ನುತ್ತಿದ್ದರು. ಮರಾಠಿ. ಬಾಯಿ ಕಡೆ ನೋಡು ಎಂದು. ನೋಡಿದೆವೋ, ಮುಗಿಯಿತು. ಒಂದು ಪದ್ಯವನ್ನು ಪೂರ್ತಿ ಕೇಳಿಸಿಕೊಂಡೇ ತಲೆ ತಗ್ಗಿಸಬೇಕು.

ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಬೊಂಬಾಯಿ ಮಾವ. ಬೇಗೂರಿನ ಕಡೆ ಹಿಂದಿನಿಂದಲೂ ಇರುವ ನಮ್ಮ ಕನ್ನಡದ ಒಕ್ಕಲು ಮನೆಗಳಲ್ಲೊಂದರಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ನೆಂಟರೊಬ್ಬರ ಹಿಂದೆ ಮುಂಬೈಗೆ ಹೋದವರು. ಅಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಲಾಲ್‌ಬಾಗ್ ಹತ್ತಿರದ ಒಂದು ಬಟ್ಟೆ ಗಿರಣಿಯಲ್ಲಿ ನೇಯ್ಗೆ ಕೆಲಸಕ್ಕೆ ಸೇರಿದರು. ಗಿರಣಿ ಮುಚ್ಚಿತು. ಆಮೇಲೂ ಅಲ್ಲಿ ಇಲ್ಲಿ ಕಾವಲುಗಾರನಾಗಿ ಉಳಿದರು. ಮದುವೆಯಾಗಲಿಲ್ಲ. ತಮ್ಮ ಸತ್ತಾಗ ಮಣ್ಣಿಗೆಂದು ಬಂದವರು ಹಿಂತಿರುಗಲಿಲ್ಲ, ತಮ್ಮನ ಹೆಂಡತಿ ಜಾನಕ್ಕನ ಮನೆಯ ಜಗುಲಿಯಲ್ಲಿ ಚಾಪೆ ಹಾಸಿದರು. ಬರುವಾಗ ತಂದದ್ದು ಒಂದು ತಗಡಿನ ಪೆಟ್ಟಿಗೆ ಮತ್ತು ತಲೆಯಲ್ಲಿ ಹತ್ತಿಪ್ಪತ್ತು ಮರಾಠಿ ಪದ್ಯ. ಪೆಟ್ಟಿಗೆಯಿಂದ ಯಾರಿಗೂ ತೊಂದರೆಯಾಗಲಿಲ್ಲ.

ಜಾನಕ್ಕನಿಗೆ ಅವರು ಬಂದ ವಾರದಲ್ಲೇ ತಲೆ ಕೆಟ್ಟಿತ್ತು. ನಮ್ಮ ಮನೆಗೆ ಹಾಲು ತಂದುಕೊಡಲು ಬಂದಾಗ ನನ್ನ ಹತ್ತಿರ ಹೇಳಿದರು: "ಕೂಸೇ, ಭಾವ ಕೊಟ್ಟಿಗೇಲಿ ನಿಂತ್ಕಂಡು ಪದ್ಯ ಹೇಳ್ತರೆ. ಹಸ ಹಾಲು ಇಳ್ಸಲ್ಲ. ನಾನು ಕಡೀಕೆ ಬೆನ್ನು ಹಾಕ್ಕಂಡು ಒಲೆ ಊದ್ತೀನಿ. ಬೆನ್ನಿಗೂ ಹೇಳ್ತರೆ ಕಣೇ." ಹೀಗೆ ಬೈದುಕೊಂಡೇ ಬೆಳಿಗ್ಗೆ ಅವರು ಏಳುವ ಹೊತ್ತಿಗೆ ಜಗುಲಿಯಲ್ಲಿ ಬಿಸಿನೀರಿನ ಚೊಂಬು ಇಡುತ್ತಿದ್ದರು. ಮಂಜು ಬೀಳುವ ತಿಂಗಳುಗಳಲ್ಲಿ ಅವರ ಚಾಪೆಯ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದವರೂ ಜಾನಕ್ಕನೇ. ಮಾವ ಅದನ್ನು ಕಂಡಂತೆಯೇ ಇರಲಿಲ್ಲ. ಚೊಂಬು ತಾನಾಗಿ ನಡೆದು ಬಂತು ಎಂದುಕೊಂಡಿದ್ದರೋ ಏನೋ.

ಆನೆಯ ಸಂಗತಿ ಹೇಳಲೇಬೇಕು. ನಮ್ಮ ಕಡೆ ಗದ್ದೆಯಾಚೆ ಆನೆ ಕಂಡರೆ ಯಾರೂ ಕೂಗುವುದಿಲ್ಲ. ಕೂಗಿದರೆ ಅದು ನಮ್ಮ ಕಡೆಗೇ ತಿರುಗಿದರೆ ಏನು ಗತಿ? ಕೈ ಎತ್ತಿ ಸೊಂಡಿಲಿನಂತೆ ಬಾಗಿಸಿ ತೋರಿಸುತ್ತೇವೆ, ನೋಡಿದವರು ಸದ್ದಿಲ್ಲದೆ ಮನೆ ಸೇರುತ್ತಾರೆ. ಒಂದು ಸಂಜೆ ಮಾವ ಗದ್ದೆಯ ಆಚೆ ದಡದಲ್ಲಿ ನಿಂತು, ತುಟಿ ಅಲುಗಿಸುತ್ತ, ತಲೆಯ ಮೇಲೆ ಕೈ ಎತ್ತಿ ಮೆಲ್ಲಗೆ ಬಾಗಿಸಿದರು. ಈಚೆ ಬದಿಯಲ್ಲಿ ಜಾನಕ್ಕ ಹುಲ್ಲು ಕೊಯ್ಯುತ್ತಿದ್ದರು. ಕುಡುಗೋಲು ಬಿಸಾಕಿ ಓಡಿದರು. ಅವರನ್ನು ನೋಡಿ ಪಕ್ಕದ ಮನೆಯವರು ಓಡಿದರು. ನಾನು ವಾಯನಶಾಲೆಯ ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಅರಣ್ಯ ಇಲಾಖೆಯ ವಾಚರುಗಳು ಪಟಾಕಿ ಹಿಡಿದು ಜೀಪಿನಲ್ಲಿ ಬಂದರು. ಬಂದು ನೋಡಿದರೆ ಮಾವ ಅಲ್ಲೇ ನಿಂತಿದ್ದಾರೆ, ಕೈ ಇನ್ನೂ ಮೇಲೇ ಇದೆ. ಕೇಳಿದರೆ ಹೇಳಿದ್ದು ಇಷ್ಟು: "ಚಾಯ ಆಯ್ತಾ ಅಂತ ಕೇಳ್ದೆ."

ಗಿರಣಿಯಲ್ಲಿ ಚಹಾಕ್ಕೆ ಹಾಗೆ ಸನ್ನೆಯಂತೆ. ಕೆಟಲನ್ನು ಮೇಲೆತ್ತಿ ಸುರಿಯುವಂತೆ. ಅವತ್ತು ಅಷ್ಟೂ ಜನ ಅವರ ಸುತ್ತ ನಿಂತು ಬಯ್ಯುತ್ತಿರುವಾಗ ಮೊದಲ ಬಾರಿಗೆ ವಿಷಯ ಬಾಯಿಬಿಟ್ಟು ಹೇಳಿದರು. ನೇಯ್ಗೆಯ ಶೆಡ್ಡಿನಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುತ್ತವೆ. ಪಕ್ಕದವನ ಕಿವಿಯಲ್ಲಿ ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ತುಟಿಯಲ್ಲಿ ಮಾತಾಡುತ್ತಾರೆ, ಕೈಯಲ್ಲಿ ಮಾತಾಡುತ್ತಾರೆ. ದಾರ ಕಡಿದಿದ್ದರೆ ಎರಡು ತೋರುಬೆರಳನ್ನು ತುದಿಗೆ ತುದಿ ಮುಟ್ಟಿಸಿ ಫಟ್ಟನೆ ಬೇರೆ ಮಾಡಿ ತೋರಿಸುವುದು. ಆಚೆ ಸಾಲಿನವನು ನೋಡಿ ಮಗ್ಗ ನಿಲ್ಲಿಸುತ್ತಾನೆ. ಬಾಯಿ ನೋಡದವನಿಗೆ ಅಲ್ಲಿ ಸುದ್ದಿಯೇ ಇಲ್ಲ. ಇದನ್ನೆಲ್ಲ ಹೇಳಿ ಮುಗಿಸಿ, ಪಟಾಕಿ ಹಿಡಿದ ವಾಚರನ ಕಡೆ ತಿರುಗಿ, "ಚಾಯ ಆಗಿದ್ರೆ ಇವ್ನಿಗೂ ಕೊಡು" ಎಂದರು ಜಾನಕ್ಕನಿಗೆ. ಜಾನಕ್ಕ ಆ ದಿನ ಯಾರಿಗೂ ಚಹಾ ಮಾಡಲಿಲ್ಲ.

ಪದ್ಯಗಳೂ ಆ ಶೆಡ್ಡಿನವೇ. ಪಕ್ಕದ ಮಗ್ಗದಲ್ಲಿ ಒಬ್ಬನಿದ್ದನಂತೆ. ಅವನ ಕೈ ನೂಲಿನ ಮೇಲೆ, ಕಣ್ಣು ಬಟ್ಟೆಯ ಮೇಲೆ, ತುಟಿ ಮಾತ್ರ ಬಿಡುವಾಗಿತ್ತು. ಆ ತುಟಿಯಲ್ಲಿ ಅವನು ಪದ್ಯ ಕಟ್ಟುತ್ತಿದ್ದ, ಮಾವ ನೋಡಿ ಹಿಡಿದುಕೊಳ್ಳುತ್ತಿದ್ದರು. ನಲ್ಲಿಯ ಮುಂದೆ ಸಾಲಾಗಿ ಕಾಯುವ ಕೊಡಗಳು ಒಂದಕ್ಕೊಂದು ಚಾಡಿ ಹೇಳುವ ಪದ್ಯ. ಗಿರಣಿಯವರಿಗೆ ಊಟ ಹಾಕುವ ಹೆಂಗಸು ಯಾರಿಗೆ ಎಷ್ಟು ಖಾರ ಬೇಕೆಂದು ಬಲ್ಲಳು, ಅವಳಿಗೆ ಎಷ್ಟು ಖಾರ ಬೇಕೆಂದು ಅವಳೇ ಮರೆತಿದ್ದಾಳೆ ಎಂಬ ಪದ್ಯ. ಮತ್ತೆ ಚಾಪೆಯ ಪದ್ಯ. ಮಾವನಿಗೆ ಎಲ್ಲಕ್ಕಿಂತ ಇದರ ಮೇಲೆ ಜೀವ.

ನಾನು ಗಡಿಯಾಚೆ ಕುಟ್ಟ ಎಂಬ ಊರಿನ ಶಾಲೆಯಲ್ಲಿ ಕನ್ನಡ ಓದಿದವಳು, ಗಡಿಯ ಈಚೆ ಮಲಯಾಳದಲ್ಲಿ ಕೆಲಸ ಮಾಡುವವಳು. ಮರಾಠಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಕೇಳಿ ಕೇಳಿ ಅರ್ಥವಾದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಚಾಳಿನಲ್ಲಿ, ಅಂದರೆ ಮುಂಬೈಯ ವಠಾರದಲ್ಲಿ, ಒಂದು ಕೋಣೆ, ಒಂದು ಚಾಪೆ, ಮೂರು ಪಾಳಿಯ ಮೂವರು. ಒಬ್ಬ ಎದ್ದು ಕೆಲಸಕ್ಕೆ ಹೋಗುವಾಗ ಇನ್ನೊಬ್ಬ ಬಂದು ಮಲಗುತ್ತಾನೆ. ಚಾಪೆ ತಣ್ಣಗಾಗುವುದಿಲ್ಲ. ಕಾವು ಯಾರದು, ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಕತ್ತಲಲ್ಲಿ ಮುಖ ಕಾಣುವುದಿಲ್ಲ. ಒಂದು ದಿನ ಗಿರಣಿಯ ಸೈರನ್ ಕೂಗುವುದಿಲ್ಲ. ಮೂವರೂ ಕೋಣೆಯಲ್ಲೇ ಉಳಿಯುತ್ತಾರೆ. ಚಾಪೆಯಲ್ಲಿ ಮೂವರಿಗೆ ಜಾಗವಿಲ್ಲ. ಗೋಡೆಗೆ ಒರಗಿ ಕೂತು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇವತ್ತು ಚಾಪೆ ತಣ್ಣಗಿದೆ.

ಇದನ್ನು ಹೀಗೆ ಸಾದಾ ಬರೆಯುವುದಕ್ಕೂ ನಾನು ಪಟ್ಟ ಪಾಡು ನನಗೇ ಗೊತ್ತು. ಮೊದಲ ಸಲ ಕನ್ನಡಕ್ಕೆ ತಂದಾಗ ಸ್ವಲ್ಪ ಚೆಂದ ಇರಲಿ ಎಂದು "ಮೌನ ವೇದನೆ" ಎಂದು ಸೇರಿಸಿದ್ದೆ. ಮಾವ ಕೇಳಿ ಕನ್ನಡಕ ತೆಗೆದರು.

"ಮೌನ ಎಲ್ಲಿತ್ತು ಮೋಳೇ? ಒಂದು ಮಹಡೀಲಿ ಇಪ್ಪತ್ತು ಮನೆ, ಒಂದು ನಲ್ಲಿ. ಮೌನ ಅಂದ್ರೆ ಏನು ಅಂತಾನೇ ನಮಗೆ ಗೊತ್ತಿರ್ಲಿಲ್ಲ."

ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ. ಬೈಯುವಾಗ ಮಾತ್ರ ಹಾಗೆ ಕರೆಯುತ್ತಿದ್ದರು. ವೇದನೆ ತೆಗೆದು "ಕಣ್ಣೀರು" ಎಂದು ಹಾಕಿದೆ. ಅದನ್ನೂ ತೆಗೆಸಿದರು. ಕಣ್ಣೀರು ಅಲ್ಲಿ ನಲ್ಲಿಗಿಂತ ಸರಿಯಾಗಿ ಬರುತ್ತಿತ್ತು, ಅದಕ್ಕೆ ಯಾರೂ ಪದ್ಯ ಕಟ್ಟಲಿಲ್ಲ ಎಂದರು. ಚಾಪೆ ಮಾತ್ರ ಬಿಟ್ಟು ಉಳಿದದ್ದೆಲ್ಲ ಹೊಡೆದುಹಾಕಿಸಿದ ಮೇಲೆ ಕನ್ನಡಕ ಹಾಕಿಕೊಂಡು, ಈಗ ಪರವಾಗಿಲ್ಲ, ಆದರೆ ಮರಾಠಿಯಷ್ಟು ಇಲ್ಲ ಎಂದರು. ನಾನು ಪೆನ್ನು ಮೇಜಿನ ಮೇಲೆ ಎಸೆದೆ.

ವಾಯನಶಾಲೆಯಲ್ಲಿ ತಿಂಗಳಿಗೊಮ್ಮೆ ಕವಿತೆ ಓದುವ ಸಭೆ ನಡೆಯುತ್ತದೆ. ಮಲಯಾಳದ ಕವಿತೆಗಳನ್ನು ರಾಗವಾಗಿ ಹೇಳುತ್ತಾರೆ, ಕೇಳಲು ಹಿತವಾಗಿರುತ್ತದೆ. ಕೊನೆಗೆ ಮಾವ ಏಳುತ್ತಿದ್ದರು. ಮಗ್ಗದ ಸದ್ದಿಗೆ ಅರ್ಧ ಕಿವುಡಾದ ಮನುಷ್ಯ, ಹಾಗಾಗಿ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಹೊರಗೆ ನಿಂತ ಬಸ್ಸಿನವರು ಇಳಿದು ಬಂದು ಏನಾಯಿತು ಎಂದು ಕೇಳಿದ್ದೂ ಇದೆ. ಮಾಶ್ ಒಳ್ಳೆಯವರು, ಕಾರ್ಮಿಕರ ಕವಿತೆ ಎಂದರೆ ಅವರಿಗೆ ಭಕ್ತಿ. ಮೊದಲು ಅರ್ಥ ಹೇಳಿ, ಆಮೇಲೆ ಪದ್ಯ ಹೇಳಿ ಎಂದು ಮಲಯಾಳದಲ್ಲಿ ಬೇಡಿಕೊಂಡರು. ಮಾವ ಒಪ್ಪಲಿಲ್ಲ. ಮೊದಲು ಬಾಯಿ ನೋಡಲಿ, ಅರ್ಥ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಅರ್ಥ ಓಡಿಹೋಗಲಿಲ್ಲ ನಿಜ. ಜನ ಹೋದರು.

ನಾನೂ ಉಪಾಯ ಮಾಡದೆ ಇರಲಿಲ್ಲ. ಮುಂಬೈಯ ಚಾಳುಗಳ ಬಗ್ಗೆ, ಗಿರಣಿಗಳ ಬಗ್ಗೆ, ಕೆಲಸವಿಲ್ಲದವರ ಬಗ್ಗೆ ಮರಾಠಿಯಲ್ಲಿ ದೊಡ್ಡ ಕವಿಗಳೇ ಬರೆದಿದ್ದಾರೆ, ಅವುಗಳ ಅನುವಾದಗಳು ಅಚ್ಚಾಗಿವೆ. ಮಾಶ್‌ಗೆ ಹೇಳಿ ಒಂದನ್ನು ತರಿಸಿ ಮಾವನ ಕೈಗೆ ಕೊಟ್ಟೆ. ನಿಮ್ಮ ಪದ್ಯದ ಜಾತಿಯವೇ ಇಲ್ಲಿವೆ, ಇನ್ನು ನೀವು ಕೂಗುವುದು ಬೇಡ ಎಂಬುದು ನನ್ನ ಮನಸ್ಸಿನಲ್ಲಿ. ಅವರು ಮೂಲೆಯ ಬೆಂಚಿನಲ್ಲಿ ಕೂತು ಪೂರ್ತಿ ಓದಿದರು. ಪುಸ್ತಕ ವಾಪಸು ಕೊಡುವಾಗ ದನಿ ಇಳಿದಿತ್ತು.

"ಒಳ್ಳೇ ಪದ್ಯ. ಇವ್ರನ್ನ ನೋಡ್ಕೊಳ್ಳೋರು ಇದ್ದಾರೆ. ಅವನಿಗೆ ನಾನು ಬಿಟ್ರೆ ಯಾರು?"

ಪಕ್ಕದ ಮಗ್ಗದವನು ಗಿರಣಿ ಮುಚ್ಚಿದ ಮೇಲೆ ಎಲ್ಲಿಗೆ ಹೋದ ಎಂಬುದು ಯಾರಿಗೂ ತಿಳಿಯದು. ಒಂದು ಸಾಲೂ ಅಚ್ಚಾಗಿಲ್ಲ. ಹೆಸರು ಕೇಳಿದರೆ, ಹೆಸರು ಹಾಜರಿ ಕೂಗುವುದಕ್ಕೆ, ಪದ್ಯಕ್ಕೆ ಯಾಕೆ ಎನ್ನುತ್ತಿದ್ದರು. ಹಾಗಾದರೆ ಬರೆದಿಡಿ ಮಾವಾ, ನಾನು ಬೈಂಡು ಮಾಡಿಸಿ ಕಪಾಟಿನಲ್ಲಿ ಇಡುತ್ತೇನೆ ಎಂದೆ. ಅವರು ಎದ್ದು ನನ್ನ ಕಪಾಟುಗಳ ಹತ್ತಿರ ಹೋಗಿ, ಕನ್ನಡ ಪುಸ್ತಕಗಳ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆದು, ಧೂಳು ಹತ್ತಿದ ಬೆರಳನ್ನು ತಂದು ನನಗೆ ತೋರಿಸಿದರು. ಆ ಸಂಜೆಯೇ ನಾನು ಇಡೀ ಕಪಾಟು ಒರೆಸಿದೆ, ಒರೆಸುತ್ತ ಅವರನ್ನು ಬಾಯಿಗೆ ಬಂದಂತೆ ಬೈದೆ.

ಆಮೇಲೆ ಗಂಟಲು ಕೆಟ್ಟಿತು. ಮೊದಲು ಒಡಕು ದನಿ, ಆಮೇಲೆ ಬರೀ ಗಾಳಿ. ಶೀತ ಎಂದರು, ಮೆಣಸಿನ ಕಷಾಯ ಕುಡಿದರು, ಕೂಗುವುದನ್ನು ಬಿಡಲಿಲ್ಲ. ಜಾನಕ್ಕ ಮತ್ತು ನಾನು ಎಳೆದುಕೊಂಡು ಹೋಗಿ ಮಾನಂತವಾಡಿಯಲ್ಲಿ ತೋರಿಸಿದೆವು, ಅಲ್ಲಿಂದ ಕೋಝಿಕ್ಕೋಡಿಗೆ ಕಳಿಸಿದರು. ಗಂಟಲಲ್ಲಿ ಗಡ್ಡೆ. ಸ್ವರದ ಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ಉಸಿರಿಗೆ ತೂತು ಮಾಡಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಮಾವ ಎಲ್ಲ ಕೇಳಿ ನನ್ನ ಕಡೆ ಬೆರಳು ತೋರಿಸಿದರು.

"ಇವಳು ಕಲಿಯೋ ತನಕ ಕಾಯಬಹುದಾ?" ಎಂದು ಇದ್ದ ದನಿಯಲ್ಲೇ ಮಲಯಾಳದಲ್ಲಿ ಕೇಳಿದರು. ಡಾಕ್ಟರು ನನ್ನನ್ನು ನೋಡಿದರು. ಮಾವ ಸೇರಿಸಿದರು: "ಇವಳು ಸ್ವಲ್ಪ ನಿಧಾನ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಪದ್ಯ ಯಾರಿಗಾದರೂ ಕಂಠಪಾಠವಾಗದೆ ಕತ್ತಿ ಮುಟ್ಟಲು ಬಿಡುವುದಿಲ್ಲ ಎಂಬುದು ಅವರ ಹಟ. ಗಡ್ಡೆ ಇವರ ಹಟ ಮುಗಿಯಲಿ ಎಂದು ಕಾಯುತ್ತದೆಯೇ? ಬಸ್ಸಿನಲ್ಲಿ ಘಾಟಿ ಹತ್ತುವಾಗ ನಾನು ಬುದ್ಧಿ ಹೇಳಿದೆ, ಅವರು ಕಿಟಕಿಯ ಹೊರಗೆ ನೋಡಿದರು. ಬಾಯಿ ನೋಡದಿದ್ದರೆ ಅವರಿಗೆ ಕೇಳಿಸುವುದಿಲ್ಲವಲ್ಲ, ಅದೇ ಅನುಕೂಲ. ಕೊನೆಗೆ ಜಾನಕ್ಕ ಅವರ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಭಾವನ ಮುಖ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಬಸ್ಸಿನಲ್ಲಿದ್ದ ನಮ್ಮವರೆಲ್ಲ ನೋಡಿದರು.

"ಭಾವ, ಪದ್ಯ ಉಳ್ಸಕೆ ನೀವು ಸತ್ರೆ, ಪಿನ್ನೆ ಅದು ಯಾರ ಬಾಯೊಳಗೆ ಕೂತ್ಕತದೆ? ಸುಮ್ಗೆ ಕುಯ್ಸ್ಕಳಿ."

ಪಿನ್ನೆ, ಅಂದರೆ ಆಮೇಲೆ. ಮನೆ ತಲುಪಿದ ಮೇಲೆ ಮಾವ ಪೆಟ್ಟಿಗೆಯಿಂದ ಒಂದು ಒಗೆದ ಅಂಗಿ ತೆಗೆದಿಟ್ಟರಂತೆ, ಆಸ್ಪತ್ರೆಗೆಂದು.

ಆಪರೇಷನ್ನಿಗೆ ಮುಂಚಿನ ದಿನಗಳು ನನ್ನ ಪಾಲಿಗೆ ಶಿಕ್ಷೆ. ವಾಯನಶಾಲೆಯ ಜಗುಲಿಯಲ್ಲಿ ಕೂರಿಸಿ ಹೇಳಿಸಿದರು. ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಕೇಳಿದರೆ ಬರೀ ಉಸಿರು ಮತ್ತು ಕೆಮ್ಮು. ಉಳಿದವನ್ನು ಹೇಗೋ ಹೇಳಿದರೂ ಚಾಪೆಯ ಪದ್ಯದಲ್ಲಿ ಒಂದೇ ಜಾಗದಲ್ಲಿ ಎಡವುತ್ತಿದ್ದೆ. "ಚಟಈ ಗಾರ ಹೋತ ನಾಹೀ," ಚಾಪೆ ತಣ್ಣಗಾಗುವುದಿಲ್ಲ. ಅದಾದ ಮೇಲೆ "ಊಬ ಕೋಣಾಚೀ, ಕೋಣೀ ವಿಚಾರತ ನಾಹೀ," ಕಾವು ಯಾರದು, ಯಾರೂ ಕೇಳುವುದಿಲ್ಲ. ಎರಡೂ ಸಾಲು ಒಂದೇ ರೀತಿ ಮುಗಿಯುತ್ತವೆ. ಮೊದಲನೆಯದು ಹೇಳಿದ ಕೂಡಲೇ ಎರಡನೆಯದೂ ಆಯಿತು ಎಂದು ನನ್ನ ನಾಲಿಗೆ ತಿಳಿದು ನೇರ ಬಾಗಿಲ ಸಾಲಿಗೆ ಹಾರುತ್ತಿತ್ತು. ಅವರು ಎರಡು ಬೆರಳು ಮುಟ್ಟಿಸಿ ಫಟ್ಟನೆ ಬೇರೆ ಮಾಡುತ್ತಿದ್ದರು. ದಾರ ಕಡಿಯಿತು. ಮತ್ತೆ ಮೊದಲಿಂದ.

"ಊರಲ್ಲಿ ಬೇರೆ ಯಾರೂ ಇಲ್ವಾ ಮಾವಾ? ನನ್ನನ್ನೇ ಯಾಕೆ ಹಿಡ್ಕೊಂಡಿದೀರಿ?" ಎಂದೆ ಒಂದು ದಿನ, ನಿಜವಾಗಿ ಕಣ್ಣಲ್ಲಿ ನೀರು ಬಂದು.

"ಇದ್ದಾರೆ. ಅವ್ರೆಲ್ಲ ಓಡ್ತಾರೆ. ನೀನು ಈ ಕುರ್ಚಿ ಬಿಟ್ಟು ಎಲ್ಲಿಗೆ ಓಡ್ತೀಯ?"

ಅವರ ಸ್ವರದಲ್ಲಿ ನಾನು ಕೇಳಿದ ಕೊನೆಯ ಮಾತುಗಳಲ್ಲಿ ಇದೊಂದು. ಇದನ್ನೇ ನೆನಪಿಟ್ಟುಕೊಳ್ಳಬೇಕಾಗಿ ಬಂದದ್ದು ನನ್ನ ಕರ್ಮ.

ಆಪರೇಷನ್ ಆಯಿತು. ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು, ಜಗುಲಿ ಬಿಟ್ಟು ಇಳಿಯಲಿಲ್ಲ. ವಾಯನಶಾಲೆ ಶಾಂತವಾಯಿತು. ನನಗೆ ನೆಮ್ಮದಿಯಾಯಿತು, ಸುಳ್ಳು ಯಾಕೆ ಹೇಳಲಿ. ಪೇಪರು ಓದುವವರು ಪೇಪರು ಓದಿದರು. ಬಾಕಿಯಿದ್ದ ಪುಸ್ತಕಗಳಿಗೆಲ್ಲ ನಂಬರು ಹಾಕಿ ಮುಗಿಸಿದೆ. ಮಳೆಗಾಲ ಹೀಗೇ ಕಳೆಯಿತು. ಆಮೇಲಾಮೇಲೆ ಆ ಶಾಂತಿಯೂ ತಲೆನೋವಾಯಿತು. ಯಾರಾದರೂ ಮೇಜು ತಾಗಿದರೆ ತಲೆ ಎತ್ತಿ ನೋಡುವ ಅಭ್ಯಾಸ ಬಿಟ್ಟುಹೋಗಿರಲಿಲ್ಲ, ನೋಡಿದರೆ ಯಾರೋ ಪುಸ್ತಕ ವಾಪಸು ಕೊಡಲು ಬಂದವರು. ಜಾನಕ್ಕ ಹಾಲಿನ ಜೊತೆ ಬೇರೆ ದೂರು ತರತೊಡಗಿದರು: "ಮೊದ್ಲಾದ್ರೆ ಬೆನ್ನು ಹಾಕ್ಕಂಡು ಕೇಳ್ತಿದ್ದೆ. ಈಗ ಗಂಜಿ ಬೇಕೋ ನೀರು ಬೇಕೋ ತಿಳ್ಕಳಕೂ ತಿರುಗಿ ಬಾಯೇ ನೋಡ್ಬೇಕು. ಒಲೆ ಮೇಲೆ ಇಟ್ಟದ್ದು ಸೀದೋಯ್ತದೆ."

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಟಕ್ ಟಕ್ ಎಂದಿತು. ಮಾವ. ಬಡವಾಗಿದ್ದರು, ಅಂಗಿಯ ಕಾಲರು ಸಡಿಲವಾಗಿತ್ತು. ತಮ್ಮ ಬಾಯಿಯ ಕಡೆ ಬೆರಳು ತೋರಿಸಿ ತುಟಿ ಅಲುಗಿಸತೊಡಗಿದರು. ಸ್ವರವಿಲ್ಲ, ಗಾಳಿಯೂ ಇಲ್ಲ. ನಾನು ಏನೂ ಯೋಚಿಸಲಿಲ್ಲ. ಅವರ ತುಟಿ ಮೊದಲ ಸಾಲು ಮುಗಿಸಿದಾಗ ನನ್ನ ಬಾಯಿಂದ ಆ ಸಾಲು ಹೊರಬಂದಿತ್ತು, ಮರಾಠಿಯಲ್ಲಿ, ಜೋರಾಗಿ. ಎರಡನೆಯದೂ ಬಂತು. ಪೇಪರು ಓದುತ್ತಿದ್ದವರು ತಲೆ ಎತ್ತಿದರು. ಕಲಿಸಲು ಕೂರಿಸಿದಾಗ ಹತ್ತದ ಪದ್ಯ, ಇಷ್ಟು ವರ್ಷ ಮೇಜಿನ ಮುಂದೆ ಬಲವಂತವಾಗಿ ನೋಡಿದ ಆ ತುಟಿಗಳಿಂದ ಸರಾಗವಾಗಿ ಬರುತ್ತಿತ್ತು. ಮಾವನಿಗೆ ಸಂತೋಷವಾಗಿ ಅಳುತ್ತಾರೇನೋ ಎಂದುಕೊಂಡೆ. ಅವರು ಎರಡು ಬೆರಳು ಮುಟ್ಟಿಸಿ ಫಟ್ಟನೆ ಬೇರೆ ಮಾಡಿದರು. ಕಾವಿನ ಸಾಲನ್ನು ಮತ್ತೆ ನುಂಗಿದ್ದೆ.

ಅಲ್ಲಿಂದ ನಾನು ಅವರ ಲೌಡ್‌ಸ್ಪೀಕರ್ ಆದೆ. ತಿಂಗಳ ಸಭೆಯಲ್ಲಿ ಅವರು ನನ್ನ ಎದುರು ನಿಂತು ತುಟಿ ಅಲುಗಿಸುವುದು, ನಾನು ಸ್ವರ ಕೊಡುವುದು, ಆಮೇಲೆ ಅರ್ಥ ಹೇಳುವುದು. ಈಗ ಜನ ಎದ್ದು ಹೋಗುತ್ತಿರಲಿಲ್ಲ. ಮಾಶ್ ಬೇರೆ ವಾಯನಶಾಲೆಗಳಿಗೂ ಹೇಳಿಬಿಟ್ಟರು. ನೂಲ್ಪುಳದಲ್ಲಿ ವಾರ್ಷಿಕೋತ್ಸವಕ್ಕೆ ಕರೆದರು. ಮನೆ ಕೆಲಸ ಬಿಟ್ಟು, ಬಸ್ಸು ಬದಲಿಸಿ ಬದಲಿಸಿ ಹೋದದ್ದಾಯಿತು. ತುಂಬಿದ ಸಭೆಯ ಮುಂದೆ ಮೈಕು ಹಿಡಿದು ಹೇಳುತ್ತಿದ್ದೇನೆ, ಮನುಷ್ಯ ಅಲ್ಲೂ ಬೆರಳು ಫಟ್ಟನೆ ಮಾಡಬೇಕೇ. ಸಭೆಗೆ ಸಭೆಯೇ ನಕ್ಕಿತು. ಮೈಕನ್ನು ಅವರ ತಲೆಗೆ ಕುಕ್ಕಬೇಕು ಎನ್ನಿಸಿತು.

ಕಾರ್ಯಕ್ರಮ ಮುಗಿದ ಮೇಲೆ ಹಿಂದೆ ನಿಂತಿದ್ದ ಒಬ್ಬ ಹತ್ತಿರ ಬಂದ. ರೆಸಾರ್ಟ್ ಕಟ್ಟುವ ಕೆಲಸಕ್ಕೆಂದು ಉತ್ತರದಿಂದ ಬಂದವನು, ಕೈಗೆಲ್ಲ ಸಿಮೆಂಟು. ಚಾಪೆಯ ಪದ್ಯ ಯಾರದು ಎಂದು ಹಿಂದಿಯಲ್ಲಿ ಕೇಳಿದ. ತನ್ನ ಕೋಣೆಯಲ್ಲೂ ಹಾಗೇ, ಹಗಲಿನವರು ಏಳುವಾಗ ರಾತ್ರಿಯವರು ಮಲಗುತ್ತಾರೆ, ತನ್ನ ಚಾಪೆಯ ಇನ್ನೊಬ್ಬನ ಹೆಸರು ತನಗೂ ಗೊತ್ತಿಲ್ಲ ಎಂದ. ಮಾವ ಅವನ ತುಟಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ತೋಳು ಹಿಡಿದು, ಇವನಿಗೆ ಮತ್ತೊಮ್ಮೆ ಹೇಳು ಎಂದು ಸನ್ನೆ ಮಾಡಿದರು. ಬಸ್ಸು ಹೊರಡುತ್ತಿದೆ ಮಾವಾ ಎಂದೆ. ಹೇಳು ಎಂದು ತುಟಿ ಅಲುಗಿಸಿದರು. ಹೇಳಿದೆ. ಬಸ್ಸು ಹೋಯಿತು. ಅವತ್ತು ನಾವು ಮನೆ ತಲುಪಿದ್ದು ಹಾಲಿನ ಗಾಡಿಯಲ್ಲಿ, ದಾರಿಯುದ್ದಕ್ಕೂ ನಾನು ಅವರ ಜೊತೆ ಮಾತಾಡಲಿಲ್ಲ. ಅವರು ಕತ್ತಲಲ್ಲಿ ತುಟಿ ಅಲುಗಿಸುತ್ತಲೇ ಇದ್ದರು.

ಗಡ್ಡೆ ಬೇರೆ ಕಡೆ ಕಾಣಿಸಿಕೊಂಡಿತು. ಈ ಸಲ ಡಾಕ್ಟರು ಕತ್ತಿಯ ಮಾತಾಡಲಿಲ್ಲ. ಕಾಫಿ ಹೂವಿನ ಹೊತ್ತಿಗೆ ಮಾವ ಹೋದರು. ಹಿಂದಿನ ದಿನ ನೋಡಲು ಹೋಗಿದ್ದೆ. ಚಾಪೆಯಿಂದ ಕೈ ಎತ್ತಿ ಮೆಲ್ಲಗೆ ಬಾಗಿಸಿದರು. ಜಾನಕ್ಕ ಒಳಗಿಂದ, "ತತ್ತೀನಿ, ತತ್ತೀನಿ, ಆನೆ ಬಂದಂಗೆ ಆಡ್ಬೇಡಿ" ಎಂದರು. ಚಮಚದಲ್ಲಿ ಚಹಾ ಕುಡಿಸಿದರು, ಅರ್ಧ ಹೊರಗೆ ಹರಿಯಿತು.

ಅನುಸ್ಮರಣೆಯ ಸಭೆ ವಾಯನಶಾಲೆಯಲ್ಲೇ ನಡೆಯಿತು. ಮಾಶ್ ಭಾಷಣದಲ್ಲಿ ಅವರನ್ನು ಕವಿ ಎಂದರು. ಕವಿ ಅವರಲ್ಲ, ಪಕ್ಕದ ಮಗ್ಗದವನು ಎಂದು ನಾನು ಕೂತಲ್ಲಿಂದಲೇ ಹೇಳಿದೆ, ಮಾಶ್‌ಗೆ ಕೇಳಿಸಲಿಲ್ಲ. ಆಮೇಲೆ ನನ್ನನ್ನು ಕರೆದರು, ಚಾಪೆಯ ಪದ್ಯ ಹೇಳಬೇಕೆಂದು. ಎದ್ದು ನಿಂತ ಮೇಲೆ ಗೊತ್ತಾಯಿತು, ಎದುರಿಗೆ ತುಟಿಗಳಿಲ್ಲ. ಎಲ್ಲರ ಬಾಯಿ ಮುಚ್ಚಿದೆ, ಎಲ್ಲರ ಕಣ್ಣು ನನ್ನ ಮೇಲಿದೆ. ಅವರಿಲ್ಲದೆ ನಾನು ಒಂದು ಸಲವೂ ಅದನ್ನು ಹೇಳಿದವಳಲ್ಲ. ನಾನು ಮರೆತರೆ ಅದು ಇನ್ನೆಲ್ಲೂ ಇಲ್ಲ. ಸಿಟ್ಟು ಬಂತು ನನಗೆ, ಸತ್ತ ಮನುಷ್ಯನ ಮೇಲೆ. ಇಂಥ ಭಾರವನ್ನು ಒಬ್ಬಳ ತಲೆಗೆ ಕಟ್ಟಿ ಹೋಗುವುದು ಯಾವ ನ್ಯಾಯ?

ಕಣ್ಣು ಮುಚ್ಚಿ ಶುರುಮಾಡಿದೆ. ಕೋಣೆ ಬಂತು, ಮೂರು ಪಾಳಿ ಬಂತು, ಚಟಈ ಗಾರ ಹೋತ ನಾಹೀ ಬಂತು. ಅಲ್ಲಿ ನಿಂತೆ. ಅಲ್ಲಿ ಏನೋ ಇದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಬಾಗಿಲ ಸಾಲಿಗೆ ಹಾರಲೂ ಮನಸ್ಸು ಬರಲಿಲ್ಲ. ಕಣ್ಣು ಬಿಟ್ಟೆ. ಮಾಶ್ ನೆಲ ನೋಡುತ್ತಿದ್ದರು. ಯಾರೋ ಕೆಮ್ಮಿದರು.

ಹಿಂದೆ, ಬಾಗಿಲ ಹತ್ತಿರ, ಚಹಾದ ಕೆಟಲು ಇಟ್ಟುಕೊಂಡು ಜಾನಕ್ಕ ಕೂತಿದ್ದರು. ಜನ್ಮದಲ್ಲಿ ವಾಯನಶಾಲೆಯ ಮೆಟ್ಟಿಲು ಹತ್ತದವರು. ಅವರು ಕೆಟಲಿನ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿದರು. ನೋಡಿದೆ. ಮುಖ ಗಂಟಿಕ್ಕಿಕೊಂಡು, ಎರಡು ತೋರುಬೆರಳು ಮುಟ್ಟಿಸಿ ಫಟ್ಟನೆ ಬೇರೆ ಮಾಡಿದರು. ಆಮೇಲೆ ಸದ್ದಿಲ್ಲದೆ ತುಟಿ ಅಲು‌ಗಿಸಿದರು, ಬಿಡಿಸಿ ಬಿಡಿಸಿ, ಮಾವ ಮಾಡುತ್ತಿದ್ದ ಹಾಗೇ. ಊಬ ಕೋಣಾಚೀ, ಕೋಣೀ ವಿಚಾರತ ನಾಹೀ.

ಹೇಳಿದೆ. ಮುಂದಿನದನ್ನೂ ಅವರ ಬಾಯಿ ನೋಡುತ್ತಲೇ ಹೇಳಿ ಮುಗಿಸಿದೆ. ಜನ ಚಪ್ಪಾಳೆ ತಟ್ಟಿ, ಚಹಾ ಕುಡಿದು ಹೋದರು. ಲೋಟ ತೊಳೆಯುತ್ತಿದ್ದ ಜಾನಕ್ಕನ ಹತ್ತಿರ ಹೋಗಿ, ಇದೆಲ್ಲ ಯಾವಾಗ ಕಲಿತಿರಿ, ಬೆನ್ನು ಹಾಕಿಕೊಂಡು ಕೂರುತ್ತಿದ್ದವರು ನೀವು ಎಂದೆ.

"ಪಿನ್ನೆ, ಮತ್ತಿನ್ನೇನು? ದಿನಾ ಗಂಜಿ ಕೊಡೋಳು ನಾನಲ್ವಾ?" ಎಂದರು. ಲೋಟ ಬೋರಲು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಎದುರಿನ ಬೆಂಚಿನಲ್ಲಿ ಕೂತರು. "ಆ ಸಾಲು ನೀನು ಯಾವಾಗ್ಲೂ ನುಂಗ್ತೀಯ ಅಂತ ಭಾವ ಹೇಳ್ತಿದ್ರು. ಮೊದ್ಲಿಂದ ಹೇಳು."

ನನಗೆ ಮನೆಗೆ ಹೊತ್ತಾಗಿತ್ತು. ಕುರ್ಚಿ ಎಳೆದುಕೊಂಡು, ಅವರ ಬಾಯಿ ನೋಡುತ್ತ, ಮೊದಲಿಂದ ಹೇಳಿದೆ.